ಚಿತ್ರಪುಸ್ತಕಕ್ಕೆ ಮಗುವಿನ ಬರೆಹದ ಪ್ರತಿಸ್ಪಂದನ: ಮೌಲ್ಯಮಾಪನದ ಕೆಲವು ಪ್ರಶ್ನೆಗಳು

೧

ಎರಡನೆಯ ತರಗತಿಯ ಮಗುವೊಂದು ಚಿತ್ರಪುಸ್ತಕವೊಂದನ್ನು ನೋಡಿ, ಅದರಲ್ಲಿನ ನದಿ ಮತ್ತು ಬಸ್ಸಿನ ಚಿತ್ರವನ್ನು ಕುರಿತು ತನ್ನ ಪುಸ್ತಕದಲ್ಲಿ 'ಬಸ್ಸು ಹೊಳೆ ಮೇಲೆ ಹೋತು. ಆಚೆ ಹೋಗಿ ಇಳೀತು' ಎಂದು ಬರೆದಿದೆ ಎಂದು ಭಾವಿಸೋಣ. ಇದನ್ನು ಇಬ್ಬರು ಮೌಲ್ಯಮಾಪಕರ ಮುಂದೆ ಇಟ್ಟರೆ ಒಬ್ಬರು 'ಹೊಳೆ ಮೇಲೆ' ಎಂಬುದರ ಕೆಳಗೆ ಗೆರೆ ಎಳೆದು 'ಸೇತುವೆ ಮೇಲೆ' ಎಂದು ತಿದ್ದಬಹುದು. ಇನ್ನೊಬ್ಬರು ಮಗುವಿನ ಕಲ್ಪನಾಶಕ್ತಿಯನ್ನು ಮೆಚ್ಚಿ ಪೂರ್ಣಾಂಕ ಕೊಡಬಹುದು. ಮೊದಲನೆಯವರದು ಸಂಪ್ರದಾಯನಿಷ್ಠ ಕ್ರಮ, ಎರಡನೆಯವರದು ಉದಾರ ಕ್ರಮ. ಆದರೆ ಆ ಮಗು ಸಾಗರ ತಾಲೂಕಿನ ಹೊಳೆಬಾಗಿಲಿನ ಆಚೆ ದಡದ್ದಾಗಿದ್ದರೆ ಇಬ್ಬರೂ ಸಮಾನವಾಗಿ ತಪ್ಪಿದ್ದಾರೆ. ಅಲ್ಲಿ ಬಸ್ಸು ನಿಜವಾಗಿಯೂ ಹೊಳೆಯ ಮೇಲೆ ಹೋಗುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದ ಮೇಲೆ ಕರೂರು, ಬಾರಂಗಿ ಭಾಗದ ಹಳ್ಳಿಗಳು ಸಾಗರ ಪೇಟೆಯಿಂದ ದೂರವಾದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಬಸ್ಸು, ಜೀಪು, ದನಕರು, ಮದುವೆಯ ದಿಬ್ಬಣ ಎಲ್ಲವೂ ಲಾಂಚನ್ನು ಏರಿಯೇ ದಾಟಬೇಕಿತ್ತು. 2025ರ ಜುಲೈ ತಿಂಗಳಿನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾಗುವವರೆಗೂ ಇದೇ ಸ್ಥಿತಿ. ಮಗು ಬರೆದದ್ದು ತಪ್ಪೂ ಅಲ್ಲ, ಕಲ್ಪನೆಯೂ ಅಲ್ಲ, ಅದು ವರದಿ.

ಪ್ರಸ್ತುತ ಲೇಖನದಲ್ಲಿ ಬಳಸಿರುವ ಇಂಥ ಮಾದರಿ ಬರೆಹಗಳು ವಿವರಣೆಯ ಅನುಕೂಲಕ್ಕಾಗಿ ರೂಪಿಸಿಕೊಂಡವು. ಅವು ಕ್ಷೇತ್ರಕಾರ್ಯದ ದತ್ತಾಂಶವಲ್ಲ. ಮಗುವಿನ ಬರೆಹವನ್ನು ಅಳೆಯುವವನಿಗೆ ಏನೇನು ತಿಳಿದಿರಬೇಕು, ನಮ್ಮ ಭಾಷೆಯೇ ಅದಕ್ಕೆ ಯಾವ ಸಾಧನಗಳನ್ನು ಒದಗಿಸುತ್ತದೆ ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿನ ಉದ್ದೇಶ. ಇದು ಶಿಕ್ಷಣಶಾಸ್ತ್ರ ವಿಭಾಗದವರ ಕೆಲಸ, ಕನ್ನಡ ವಿಭಾಗಕ್ಕೆ ಇದರ ಗೊಡವೆ ಏಕೆ ಎಂದು ಕೇಳುವವರಿರಬಹುದು. ಆದರೆ ಪಠ್ಯವೊಂದಕ್ಕೆ ಓದುಗರು ನೀಡುವ ಪ್ರತಿಸ್ಪಂದನವನ್ನು ಕುರಿತು ಚಿಂತಿಸುವುದು ಕಾವ್ಯಮೀಮಾಂಸೆಯ ಕೇಂದ್ರ ಪ್ರಶ್ನೆಯೇ ಆಗಿದೆ. ಆ ಓದುಗರಿಗೆ ಏಳು ವರ್ಷ ವಯಸ್ಸು ಎಂಬ ಕಾರಣದಿಂದ ಪ್ರಶ್ನೆ ಚಿಕ್ಕದಾಗುವುದಿಲ್ಲ.

೨

ಚಿತ್ರಪುಸ್ತಕವೆಂದರೆ ಚಿತ್ರಗಳಿರುವ ಪುಸ್ತಕವಲ್ಲ. ಪಠ್ಯಪುಸ್ತಕದ ಪಾಠದ ಮೇಲ್ಭಾಗದಲ್ಲಿ ಅಚ್ಚಾಗುವ ಚಿತ್ರ ಪದಗಳು ಹೇಳಿದ್ದನ್ನೇ ಮತ್ತೊಮ್ಮೆ ತೋರಿಸುತ್ತದೆ. ಚಿತ್ರಪುಸ್ತಕದಲ್ಲಿ ಪದ ಮತ್ತು ಚಿತ್ರ ಬೇರೆ ಬೇರೆ ಮಾತನ್ನಾಡುತ್ತವೆ. ಎರಡರ ನಡುವಿನ ಅಂತರದಲ್ಲಿ ಅರ್ಥ ಹುಟ್ಟುತ್ತದೆ. ಪೆರಿ ನೋಡೆಲ್‌ಮನ್ 1988ರಲ್ಲಿ ಪ್ರಕಟಿಸಿದ 'ವರ್ಡ್ಸ್ ಅಬೌಟ್ ಪಿಕ್ಚರ್ಸ್' ಕೃತಿ ಈ ಸಂಬಂಧವನ್ನು ವಿಸ್ತಾರವಾಗಿ ಚರ್ಚಿಸಿದೆ. ಇದಕ್ಕೆ ಪ್ರಸಿದ್ಧ ನಿದರ್ಶನವೆಂದರೆ ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್' (1968). ಇಡೀ ಪುಸ್ತಕದ ಪದಗಳು ಕೇವಲ 32. ಕೋಳಿಯೊಂದು ಸುತ್ತಾಡಲು ಹೊರಟು ಊಟದ ಹೊತ್ತಿಗೆ ಹಿಂದಿರುಗಿತು ಎಂಬಷ್ಟೇ ಪದಗಳ ಸಾರ. ಚಿತ್ರಗಳಲ್ಲಿ ಮಾತ್ರ ನರಿಯೊಂದು ಕೋಳಿಯ ಬೆನ್ನಿಗೆ ಬಿದ್ದಿದೆ. ಪ್ರತಿ ಬಾರಿಯೂ ಅದು ಹಾರುತ್ತದೆ, ಪ್ರತಿ ಬಾರಿಯೂ ಎಡವುತ್ತದೆ. ಒಮ್ಮೆ ಹಿಟ್ಟಿನ ರಾಶಿ ಅದರ ಮೈಮೇಲೆ ಸುರಿಯುತ್ತದೆ, ಕೊನೆಗೆ ಜೇನುಹುಳುಗಳು ಅಟ್ಟಿಸಿಕೊಂಡು ಹೋಗುತ್ತವೆ. ನರಿ ಎಂಬ ಪದ ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ.

ಇಂಥ ಪುಸ್ತಕವನ್ನು ನೋಡಿದ ಇಬ್ಬರು ಮಕ್ಕಳ ಬರೆಹ ಹೀಗಿರಬಹುದು. ಒಂದು: 'ಕೋಳಿ ಸುತ್ತಾಡಲು ಹೋಯಿತು. ನಂತರ ಮನೆಗೆ ಬಂದಿತು. ಕೋಳಿಯು ಸಾಕುಪ್ರಾಣಿಯಾಗಿದೆ.' ಎರಡು: 'ನರಿ ಬಂತು. ಕೋಳಿಗೆ ಗೊತೆ ಇಲ. ಹಿಟು ಬಿತು. ಪಾಪ ನರಿ.' ರೂಢಿಯ ಮೌಲ್ಯಮಾಪನದಲ್ಲಿ ಮೊದಲನೆಯದಕ್ಕೆ ಹೆಚ್ಚು ಅಂಕ, ಎರಡನೆಯದಕ್ಕೆ ಕೆಂಪು ಶಾಯಿ. ಎರಡನೆಯದನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು.

ಮೊದಲಿಗೆ ಅಕ್ಷರದೋಷಗಳು. ಗೊತ್ತೇ, ಇಲ್ಲ, ಹಿಟ್ಟು, ಬಿತ್ತು: ನಾಲ್ಕು ಪದಗಳು ತಪ್ಪಾಗಿವೆ. ಆದರೆ ನಾಲ್ಕರಲ್ಲಿಯೂ ಬಿಟ್ಟುಹೋಗಿರುವುದು ಸಜಾತೀಯ ಒತ್ತಕ್ಷರವೇ. 'ಬಂತು' ಎಂಬಲ್ಲಿ ಅನುಸ್ವಾರ ಸರಿಯಾಗಿದೆ; ಗುಣಿತದ ಚಿಹ್ನೆಗಳಲ್ಲಿ 'ಗೊತ್ತೇ' ಎಂಬುದರ ದೀರ್ಘವೊಂದನ್ನು ಬಿಟ್ಟರೆ ದೋಷವಿಲ್ಲ. ಅಂದರೆ ಎಣಿಕೆಯಲ್ಲಿ ನಾಲ್ಕಾಗಿ ಕಾಣುವ ತಪ್ಪು ವಿಶ್ಲೇಷಣೆಯಲ್ಲಿ ಮುಖ್ಯವಾಗಿ ಒಂದೇ. ಈ ಮಗುವಿಗೆ ಕಲಿಸಬೇಕಾದದ್ದೂ ಒಂದೇ. ಬರೆಹದ ಆರಂಭದ ಹಂತದಲ್ಲಿ ಮಕ್ಕಳು ಮಾಡುವ ಕಾಗುಣಿತದ ತಪ್ಪುಗಳು ಯಾದೃಚ್ಛಿಕವಲ್ಲ, ಅವುಗಳ ಹಿಂದೆ ಧ್ವನಿಯನ್ನು ಕುರಿತ ಒಂದು ವ್ಯವಸ್ಥಿತ ಗ್ರಹಿಕೆ ಇದೆ ಎಂಬುದನ್ನು ಇಂಗ್ಲಿಷ್ ಮಕ್ಕಳ ಬರೆಹವನ್ನು ಆಧರಿಸಿ ಚಾರ್ಲ್ಸ್ ರೀಡ್ 1971ರಲ್ಲಿಯೇ ತೋರಿಸಿದರು. ಕನ್ನಡದ ಲಿಪಿ ಇಂಗ್ಲಿಷಿನಂತಲ್ಲ. ಒತ್ತಕ್ಷರ ಮೂಲಾಕ್ಷರದ ಕೆಳಗೆ ಕುಳಿತುಕೊಳ್ಳುತ್ತದೆ. ಕಿವಿಗೆ ಒತ್ತಿ ಕೇಳಿಸುವುದು ಕಣ್ಣಿಗೆ ಕೆಳಗೆ ತೂಗುವ ಇನ್ನೊಂದು ಆಕಾರವಾಗಿ ಕಾಣುತ್ತದೆ. ಇದನ್ನು ಕರಗತ ಮಾಡಿಕೊಳ್ಳಲು ಕಾಲ ಬೇಕು. ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನದ ಗಳಿಕೆ ಮೊದಲ ಎರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದನ್ನು ಗುರುತಿಸಿದೆ. ಎರಡನೆಯ ತರಗತಿಯ ಮಗು ಒತ್ತು ಬಿಟ್ಟರೆ ಅದು ಹಿಂದುಳಿದಿದೆ ಎಂದು ಷರಾ ಬರೆಯುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಅರ್ಥ. 'ಕೋಳಿಗೆ ಗೊತ್ತೇ ಇಲ್ಲ' ಎಂಬ ವಾಕ್ಯ ಪುಸ್ತಕದ ಪದಗಳಲ್ಲಿ ಇಲ್ಲ. ಯಾವುದೇ ಒಂದು ಚಿತ್ರದಲ್ಲಿಯೂ ಅದನ್ನು ಬೆರಳಿಟ್ಟು ತೋರಿಸಲಾಗದು. ಪಾತ್ರಕ್ಕೆ ತಿಳಿಯದ್ದು ನೋಡುವವನಿಗೆ ತಿಳಿದಿದೆ ಎಂಬ ನಾಟಕೀಯ ವ್ಯಂಗ್ಯವನ್ನು ಮಗು ಗ್ರಹಿಸಿದೆ. ಕೋಳಿಗೆ ನಿಜಕ್ಕೂ ತಿಳಿದಿರಲಿಲ್ಲವೇ, ಅಥವಾ ತಿಳಿದೂ ತಿಳಿಯದಂತೆ ನಡೆಯಿತೇ ಎಂಬುದು ಆ ಪುಸ್ತಕ ಬಿಡಿಸದೆ ಉಳಿಸಿದ ಪ್ರಶ್ನೆ. ಮಗು ಅದರಲ್ಲಿ ಒಂದು ಪಕ್ಷ ವಹಿಸಿದೆ. ಬಳಿಕ 'ಪಾಪ ನರಿ' ಎಂದು ದುಷ್ಟನ ಕಡೆಗೆ ತಿರುಗಿದೆ. ವಾಚ್ಯವನ್ನು ಮೀರಿದ್ದನ್ನು ಹಿಡಿಯುವವನೇ ಸಹೃದಯ ಎಂದು ನಾವು ಸ್ನಾತಕೋತ್ತರ ತರಗತಿಯಲ್ಲಿ ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಮುಂದಿಟ್ಟುಕೊಂಡು ಬೋಧಿಸುತ್ತೇವೆ. ಆ ಲಕ್ಷಣ ಇಲ್ಲಿ ಒತ್ತಕ್ಷರವಿಲ್ಲದೆ ಬಂದುದರಿಂದ ನಮಗೆ ಗುರುತು ಸಿಗುವುದಿಲ್ಲ.

ಮೊದಲನೆಯ ಬರೆಹದ 'ಕೋಳಿಯು ಸಾಕುಪ್ರಾಣಿಯಾಗಿದೆ' ಎಂಬ ವಾಕ್ಯ ಎಲ್ಲಿಂದ ಬಂತು? ಅದು ಪುಸ್ತಕದಿಂದ ಬಂದದ್ದಲ್ಲ, ಪ್ರಬಂಧ ಬರೆಯುವ ಶಾಲಾಕ್ರಮದಿಂದ ಬಂದದ್ದು. ಲೂಯಿಸ್ ರೋಸೆನ್‌ಬ್ಲಾಟ್ 1978ರ ತಮ್ಮ ಕೃತಿಯಲ್ಲಿ ಓದಿನ ಎರಡು ನಿಲುವುಗಳನ್ನು ಪ್ರತ್ಯೇಕಿಸಿದರು. ಓದಿನಿಂದ ಮಾಹಿತಿಯನ್ನು ಹೊತ್ತೊಯ್ಯುವುದು ಒಂದು. ಓದುತ್ತಿರುವಾಗಲೇ ಆಗುವ ಅನುಭವದಲ್ಲಿ ನೆಲೆಸುವುದು ಇನ್ನೊಂದು. ನಮ್ಮ ಪ್ರಶ್ನೆಗಳು ಬಹುಮಟ್ಟಿಗೆ ಮೊದಲನೆಯದನ್ನೇ ಬೇಡುತ್ತವೆ. 'ಈ ಕಥೆಯ ನೀತಿ ಏನು?' ಎಂಬ ಪ್ರಶ್ನೆಯಂತೂ ಮಗುವನ್ನು ಚಿತ್ರದಿಂದ ಎಬ್ಬಿಸಿ ಕಳುಹಿಸುತ್ತದೆ. ಇದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಮಾತ್ರ ದೂರುವುದು ಸರಿಯಲ್ಲ. ಪದವಿ ತರಗತಿಗಳಲ್ಲಿ 'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ' ಎಂದು ಕೇಳಿ, ಕವಿಯ ಹೆಸರು ಕೃತಿಯ ಹೆಸರುಗಳಿಗೆ ಅಂಕ ಕೊಟ್ಟು, ಸ್ವಾರಸ್ಯವೆಂಬ ಕಡೆ ಗೈಡಿನ ಎರಡು ಸಾಲನ್ನು ಒಪ್ಪಿಕೊಂಡು ಬಂದವರು ನಾವು. ಆ ಶಿಕ್ಷಕರು ನಮ್ಮ ವಿದ್ಯಾರ್ಥಿಗಳೇ.

೩

ಪಾಶ್ಚಾತ್ಯ ವಿದ್ವಾಂಸರು ಚಿತ್ರಪುಸ್ತಕಕ್ಕೆ ಮಕ್ಕಳ ಪ್ರತಿಸ್ಪಂದನವನ್ನು ವರ್ಗೀಕರಿಸಲು ಸಾಕಷ್ಟು ಶ್ರಮಿಸಿದ್ದಾರೆ. ಲಾರೆನ್ಸ್ ಸೈಪ್ ತಮ್ಮ 'ಸ್ಟೋರಿಟೈಮ್' (2008) ಕೃತಿಯಲ್ಲಿ ಐದು ಬಗೆಗಳನ್ನು ಗುರುತಿಸಿದರು: ವಿಶ್ಲೇಷಣಾತ್ಮಕ, ಅಂತರ್‌ಪಠ್ಯೀಯ, ವೈಯಕ್ತಿಕ, ಕಥೆಯೊಳಗೆ ಮುಳುಗಿಹೋಗುವ ಪಾರದರ್ಶಕ, ಮತ್ತು ಕಥೆಯನ್ನು ನೆಪವಾಗಿಸಿಕೊಂಡು ಆಡುವ ಅಭಿನಯಾತ್ಮಕ. ಎವಲಿನ್ ಅರಿಸ್ಪೆ ಮತ್ತು ಮೊರಾಗ್ ಸ್ಟೈಲ್ಸ್ (2003) ಮಕ್ಕಳ ಮಾತಿನೊಂದಿಗೆ ಅವರು ಬರೆದ ಚಿತ್ರಗಳನ್ನೂ ಪ್ರತಿಸ್ಪಂದನವೆಂದು ಪರಿಗಣಿಸಿದರು. ಇವು ಉಪಯುಕ್ತವಾದರೂ ಕನ್ನಡದ ಬರೆಹಕ್ಕೆ ಹಾಗೆಯೇ ಅನ್ವಯಿಸಲು ಒಂದು ತೊಡಕಿದೆ. ಸೈಪ್ ಅವರ ಬಗೆಗಳು ಕಥೆ ಕೇಳುತ್ತಿರುವಾಗಿನ ಮಾತಿನಿಂದ ಹುಟ್ಟಿದವು. ಮಾತಿನಲ್ಲಿ ಚಪ್ಪಾಳೆ, ಕೂಗು, ನಡುವೆ ಬಾಯಿ ಹಾಕುವುದು ಎಲ್ಲವೂ ಕಾಣುತ್ತವೆ. ಬರೆಹದಲ್ಲಿ ಅವು ಎಲ್ಲಿ ಉಳಿಯುತ್ತವೆ?

ಉಳಿಯುತ್ತವೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಆದರೆ ಅವುಗಳನ್ನು ಹುಡುಕಬೇಕಾದುದು ಕನ್ನಡದ ವ್ಯಾಕರಣದಲ್ಲಿ. ಕೆಲವನ್ನು ಮಾತ್ರ ಸೂಚಿಸಬಹುದು.

ಮಗು ಮೊದಲಿಗೆ 'ಇದು ಆನೆ', 'ಇದು ಮರ' ಎಂದು ಬರೆಯುತ್ತದೆ. 'ಇದು' ಎಂಬ ನಿರ್ದೇಶಕ ಸರ್ವನಾಮ ಚಿತ್ರಕ್ಕೆ ಬೆರಳಿಟ್ಟಿರುವುದರ ಗುರುತು. ಇಲ್ಲಿ ಮಗು ಇನ್ನೂ ಪುಟದ ಹೊರಗೆ ನಿಂತಿದೆ. 'ಆನೆ ಬಂತು' ಎಂದಾಗ ಭೂತಕಾಲದ ಕ್ರಿಯಾಪದದೊಡನೆ ಚಿತ್ರ ಕಥನವಾಗುತ್ತದೆ. 'ಆನೆ ಬಂದು, ನೀರು ಕುಡಿದು, ಮಲಗಿತು' ಎಂದಾಗ ಕೃದಂತಾವ್ಯಯಗಳ ಸರಪಳಿಯ ಮೂಲಕ ಮೂರು ಪುಟಗಳ ಚಿತ್ರಗಳು ಒಂದೇ ವಾಕ್ಯದಲ್ಲಿ ಜೋಡಣೆಗೊಂಡಿವೆ. ಪುಟ ತಿರುಗಿಸುವ ನಡುವಿನ ಖಾಲಿಯನ್ನು ಮಗು ತಾನೇ ತುಂಬಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಇಂಗ್ಲಿಷಿನ 'ಆ್ಯಂಡ್ ದೆನ್' ಎಂಬುದಕ್ಕೆ ಸಮಾನವಾದ 'ಆಮೇಲೆ, ಆಮೇಲೆ' ಎಂಬ ಹಂತವೂ ಇದೆ. ಆದರೆ ಕೃದಂತಾವ್ಯಯದ ಬಳಕೆ ಅದಕ್ಕಿಂತ ಬಿಗಿಯಾದ ಹೆಣಿಗೆ. 'ಇತ್ತಂತೆ' ಎಂದು ಬರೆದ ಮಗು ತಾನು ಕಥೆಯನ್ನು ಬೇರೊಬ್ಬರಿಂದ ಪಡೆದವನೆಂಬ ನಿರೂಪಕನ ಸ್ಥಾನದಲ್ಲಿ ನಿಂತಿದೆ. ಅಜ್ಜಿಯ ಕಥನಕ್ರಮ ಬರೆಹದೊಳಗೆ ಪ್ರವೇಶಿಸಿದೆ. 'ಹಸಿವಾಗಿರಬೇಕು', 'ಹೆದರಿರಬಹುದು' ಎಂಬ ರೂಪಗಳು ಚಿತ್ರದ ಮುಖಭಾವದಿಂದ ಮನಸ್ಸನ್ನು ಊಹಿಸಿದ್ದರ ಗುರುತು. ವ್ಯಾಕರಣಕಾರರು ಅನುಕರಣಾವ್ಯಯವೆಂದು ಕರೆದ ಧಡಾರ್, ಬುಸ್, ಪಟಪಟಗಳು ಸೈಪ್ ಹೇಳುವ ಅಭಿನಯಾತ್ಮಕ ಸ್ಪಂದನದ ಉಳಿಕೆಗಳು: ಮೌನಿಯಾದ ಚಿತ್ರಕ್ಕೆ ಮಗು ಶಬ್ದವನ್ನು ಕೊಟ್ಟಿದೆ. ಇನ್ನು 'ಪಾಪ' ಎಂಬ ಒಂದು ಪದದ ತೂಕವನ್ನು ಮೇಲೆ ನೋಡಿದ್ದೇವೆ.

ಈ ಗುರುತುಗಳನ್ನು ಏಣಿಯ ಮೆಟ್ಟಿಲುಗಳೆಂದು ಭಾವಿಸಬಾರದು. ಮೂರನೆಯ ತರಗತಿಯ ಮಗುವೂ ತನಗೆ ಅತಿ ಪ್ರಿಯವಾದ ಚಿತ್ರದ ಮುಂದೆ 'ಇದು ನನ್ನ ನಾಯಿ' ಎಂದಷ್ಟೇ ಬರೆದು ನಿಲ್ಲಬಹುದು. ಅದು ಹಿಂಚಲನೆಯಲ್ಲ.

೪

ಸ್ಥಳೀಯ ಪರಿಸರದ ಪ್ರಶ್ನೆಗೆ ಮರಳೋಣ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಶಾಲೆಗಳಿಗೆ ಬರುವ ಮಕ್ಕಳ ಮನೆಮಾತು ಒಂದೇ ಬಗೆಯದಲ್ಲ. ಹವ್ಯಕರ ಮಾತು, ದೀವರ ಮಾತು, ಒಕ್ಕಲಿಗರ ಮಾತುಗಳಲ್ಲಿ ವ್ಯತ್ಯಾಸಗಳಿವೆ. ಉರ್ದು, ಕೊಂಕಣಿ ಮನೆಮಾತಿನವರೂ ಇದ್ದಾರೆ. ಹವ್ಯಕ ಕನ್ನಡದಲ್ಲಿ ಸ್ತ್ರೀಯರ ವಿಷಯದಲ್ಲಿ ಕ್ರಿಯಾಪದ ನಪುಂಸಕಲಿಂಗದ ರೂಪವನ್ನು ಪಡೆಯುವುದು ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಸಂಗತಿ. ಆ ಮನೆಯ ಮಗು ಚಿತ್ರದಲ್ಲಿನ ತಾಯಿಯನ್ನು ಕುರಿತು 'ಅಮ್ಮ ಬಂತು' ಎಂದು ಬರೆದರೆ ಅದು ಲಿಂಗಜ್ಞಾನದ ಅಭಾವವಲ್ಲ, ಅಗೌರವವಂತೂ ಅಲ್ಲವೇ ಅಲ್ಲ. ಅದು ಒಂದು ಪ್ರಭೇದದ ಸುಸಂಬದ್ಧ ವ್ಯಾಕರಣ. ಹೊರಗಿನಿಂದ ವರ್ಗವಾಗಿ ಬಂದ ಶಿಕ್ಷಕರಿಗೆ ಇದು ತಿಳಿಯದಿರುವುದು ಸಹಜ. ಆದರೆ ಉಪಭಾಷೆಗಳನ್ನು ಕುರಿತು ನಮ್ಮ ವಿಭಾಗಗಳಲ್ಲಿ ಆಗಿರುವ ಇಷ್ಟೆಲ್ಲ ಕೆಲಸದಲ್ಲಿ ಒಂದು ಪುಟವಾದರೂ ಅವರ ಕೈಗೆ ತಲುಪಬಹುದಿತ್ತು.

ಪದಗಳ ವಿಷಯವೂ ಹೀಗೆಯೇ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ರೂಪುಗೊಂಡ ಪುಸ್ತಕದಲ್ಲಿ ಹೂಗಿಡಗಳಿರುವ ಬೇಲಿಯೊಳಗಿನ ಜಾಗಕ್ಕೆ 'ತೋಟ' ಎಂಬ ಹೆಸರಿರುತ್ತದೆ. ಮಲೆನಾಡಿನ ಮಗುವಿಗೆ ತೋಟವೆಂದರೆ ಅಡಿಕೆ ತೋಟ: ನೆರಳು, ಕಪ್ಪು, ಕೊನೆಗಾರ, ಕಾಲಿಗೆ ಹತ್ತುವ ಉಂಬಳ. 'ತೋಟದಲ್ಲಿ ಉಂಬಳ ಇಲ್ಲ' ಎಂದು ಮಗು ಬರೆದರೆ ಅದು ಪುಸ್ತಕದ ಮೇಲಿನ ವಿಮರ್ಶೆ. ಮಳೆಯ ಚಿತ್ರದಲ್ಲಿ ಕೊಡೆಯನ್ನು ಮಾತ್ರ ಕಂಡು 'ಕಂಬಳಿಕೊಪ್ಪೆ ಎಲ್ಲಿ?' ಎಂದು ಕೇಳುವುದೂ ಅಂಥದ್ದೇ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್, ಬಳಿಕ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಹಾಗೂ 2015ರಿಂದ ಅದರ ಸ್ಟೋರಿವೀವರ್ ತಾಣ ಕನ್ನಡದಲ್ಲಿ ಅಗ್ಗದ ಮತ್ತು ಉಚಿತ ಚಿತ್ರಪುಸ್ತಕಗಳನ್ನು ದೊರಕಿಸಿವೆ; ಇವುಗಳ ಉಪಕಾರ ದೊಡ್ಡದು. ಆದರೆ ಹಲವು ಭಾಷೆಗಳಿಗೆ ಒಂದೇ ಚಿತ್ರ ಎಂಬ ವ್ಯವಸ್ಥೆಯಲ್ಲಿ ಚಿತ್ರದ ಊರು ಯಾವುದೂ ಆಗಿರುವುದಿಲ್ಲ. ಆ ಊರನ್ನು ಮಗು ತನ್ನ ಬರೆಹದಲ್ಲಿ ತುಂಬಿಕೊಡುತ್ತದೆ.

ಈ ಮಕ್ಕಳಿಗೆ ಚಿತ್ರವನ್ನು ಓದುವುದು ಹೊಸದೂ ಅಲ್ಲ. ದೀವರ ಮನೆಗಳ ಗೋಡೆಯ ಮೇಲೆ ಹಸೆ ಚಿತ್ತಾರವಿದೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಗೆರೆ ತುಂಬುವುದನ್ನು ಅವರು ಕಂಡಿದ್ದಾರೆ. ಅದನ್ನು 'ಚಿತ್ತಾರ ಬರೆಯುವುದು' ಎನ್ನುತ್ತಾರೆ. ಕನ್ನಡದ 'ಬರೆ' ಧಾತುವಿಗೆ ಅಕ್ಷರ ಬರೆಯುವುದು ಮತ್ತು ಚಿತ್ರ ಬರೆಯುವುದು ಎರಡೂ ಅರ್ಥ. ತಮಿಳಿನ 'ವರೈ' ಎಂಬ ಜ್ಞಾತಿಪದವೂ ಇದನ್ನೇ ಹೇಳುತ್ತದೆ. ಬರೆಹದ ಪೂರ್ವೇತಿಹಾಸವನ್ನು ವೈಗೊಟ್‌ಸ್ಕಿ ಹಾವಭಾವ, ಆಟ, ಚಿತ್ರಗಳಲ್ಲಿ ಗುರುತಿಸಿದ್ದು ನಮ್ಮ ಭಾಷೆಗೆ ಅಷ್ಟೇನೂ ಅಚ್ಚರಿಯ ಮಾತಲ್ಲ. ಹೀಗಿರುವಾಗ ಪ್ರತಿಸ್ಪಂದನದ ಪುಟದಲ್ಲಿ ಮಗು ಅರ್ಧ ಅಕ್ಷರ, ಅರ್ಧ ಚಿತ್ರ ಬರೆದರೆ ಚಿತ್ರವನ್ನು ಅಲಂಕಾರವೆಂದು ಬದಿಗಿರಿಸಿ ಅಕ್ಷರಕ್ಕೆ ಮಾತ್ರ ಅಂಕ ಕೊಡುವುದು ಸರಿಯೇ? ಹಲವು ವೇಳೆ ವಾಕ್ಯದ ಕ್ರಿಯಾಪದ ಚಿತ್ರದಲ್ಲಿಯೇ ಇರುತ್ತದೆ.

೫

ಇಲ್ಲಿಯವರೆಗಿನ ಮಾತಿನಿಂದ ಮಗು ಬರೆದದ್ದೆಲ್ಲ ಸರಿ, ತಿದ್ದುವುದೇ ಹಿಂಸೆ ಎಂಬ ತೀರ್ಮಾನಕ್ಕೆ ಬರಬಾರದು. ಆ ನಿಲುವು ಕೇಳಲು ಇಂಪಾಗಿದೆ. ಅದರ ಬೆಲೆ ತೆರುವವರು ಬೇರೆ. ಮನೆಯಲ್ಲಿ ಪುಸ್ತಕವಿರುವ ಮಗುವಿಗೆ ಶಿಷ್ಟ ಕನ್ನಡ ಬೇರೆ ದಾರಿಗಳಿಂದ ದೊರೆಯುತ್ತದೆ. ಕೂಲಿಕಾರರ ಮಗುವಿಗೆ ಅದು ಶಾಲೆಯಲ್ಲಿ ಮಾತ್ರ ದೊರೆಯಬೇಕು. ಅಮೆರಿಕದ ಕಪ್ಪುಜನಾಂಗದ ಮಕ್ಕಳ ಬರೆಹವನ್ನು ಕುರಿತು ಲೀಸಾ ಡೆಲ್ಪಿಟ್ 1988ರಲ್ಲಿ ಎತ್ತಿದ ಆಕ್ಷೇಪವೂ ಇದೇ ಆಗಿತ್ತು: ಅಧಿಕಾರದ ಭಾಷೆಯ ನಿಯಮಗಳನ್ನು ಸ್ಪಷ್ಟವಾಗಿ ಕಲಿಸದಿರುವುದು ಉದಾರತೆಯಲ್ಲ. ಆದ್ದರಿಂದ ತಿದ್ದಬೇಕು. ಆದರೆ ತಿದ್ದುವುದು ಮತ್ತು ಪ್ರತಿಸ್ಪಂದನವನ್ನು ಅಳೆಯುವುದು ಬೇರೆ ಬೇರೆ ಕೆಲಸಗಳು. ಒಂದೇ ಪುಟದಲ್ಲಿ, ಒಂದೇ ಶಾಯಿಯಲ್ಲಿ, ಒಂದೇ ಅಂಕದಲ್ಲಿ ಎರಡನ್ನೂ ಬೆರೆಸಿದಾಗ ಮಗು ಕಲಿಯುವ ಪಾಠ ಒಂದೇ: ಬರೆಯಬಲ್ಲ ಪದಗಳಲ್ಲಿ ಹೇಳಬಹುದಾದದ್ದನ್ನು ಮಾತ್ರ ಹೇಳು. 'ಕೋಳಿಯು ಸಾಕುಪ್ರಾಣಿಯಾಗಿದೆ' ಎಂಬ ವಾಕ್ಯ ಹುಟ್ಟುವುದು ಹೀಗೆ.

ಕಾರ್ಯಸಾಧ್ಯವಾದ ಕ್ರಮವೊಂದನ್ನು ಹೀಗೆ ಯೋಚಿಸಬಹುದು. ಮೊದಲ ಓದಿನಲ್ಲಿ ಪೆನ್ನನ್ನು ಕೆಳಗಿಟ್ಟು ಮಗು ಏನು ಹೇಳುತ್ತಿದೆ ಎಂದಷ್ಟೇ ನೋಡುವುದು. ಎರಡನೆಯ ಓದಿನಲ್ಲಿ ಚಿತ್ರಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಮಗು ಪದದಿಂದ ಪಡೆದದ್ದೇನು, ಚಿತ್ರದಿಂದ ಪಡೆದದ್ದೇನು, ಎರಡರಲ್ಲಿಯೂ ಇಲ್ಲದ್ದನ್ನು ತಂದದ್ದೇನು ಎಂದು ಗುರುತಿಸುವುದು. ಪುಸ್ತಕವನ್ನು ಎದುರಿಗಿಟ್ಟುಕೊಳ್ಳದೆ ಉತ್ತರ ತಿದ್ದುವ ಪದ್ಧತಿಯೇ ಅರ್ಧ ಅನ್ಯಾಯಕ್ಕೆ ಕಾರಣ. ಅಕ್ಷರದ ಓದು ಕೊನೆಯದು. ಅಲ್ಲಿಯೂ ತಪ್ಪುಗಳ ಸಂಖ್ಯೆಯ ಬದಲು ತಪ್ಪಿನ ಬಗೆಯನ್ನು ಬರೆದಿಟ್ಟುಕೊಳ್ಳಬೇಕು. ಮಗುವಿನ ಬರೆಹ ಅರ್ಥವಾಗದಿದ್ದರೆ ಅದನ್ನೇ ಕರೆದು ಓದಿಸುವುದು ಅತ್ಯಂತ ಸುಲಭವಾದ ಉಪಾಯ. ಬರೆದದ್ದಕ್ಕಿಂತ ಹೆಚ್ಚನ್ನು ಮಗು ಓದುತ್ತದೆ.

ಇದಕ್ಕೆ ವ್ಯವಸ್ಥೆಯಲ್ಲಿ ಅವಕಾಶವಿಲ್ಲ ಎನ್ನುವಂತಿಲ್ಲ. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವ ಧೈರ್ಯವನ್ನು ಅದು ತೋರಿತು. ಮಗು ತನ್ನ ವೇಗದಲ್ಲಿ ಮುನ್ನಡೆಯಬೇಕೆಂಬುದು ಅದರ ಮೂಲತತ್ತ್ವ. 2009ರ ಶಿಕ್ಷಣ ಹಕ್ಕು ಕಾಯಿದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಶಾಸನದ ಭಾಷೆಯಲ್ಲಿಯೇ ಬರೆದಿಟ್ಟಿತು. ಆದರೆ ವ್ಯಾಪಕವೆಂಬುದು ಆಚರಣೆಯಲ್ಲಿ ತುಂಬಬೇಕಾದ ಕೋಷ್ಟಕಗಳ ವ್ಯಾಪಕತೆಯಾಗಿ ಮಾರ್ಪಟ್ಟದ್ದನ್ನು ಶಾಲೆಗಳ ಒಡನಾಟವುಳ್ಳವರೆಲ್ಲ ಬಲ್ಲರು. 2005ರಿಂದ ನಡೆದುಬಂದಿರುವ ಅಸರ್ ಸಮೀಕ್ಷೆ ಎರಡನೆಯ ತರಗತಿಯ ಮಟ್ಟದ ಪಠ್ಯವನ್ನು ಮಗು ಓದಬಲ್ಲುದೇ ಎಂದು ಪರೀಕ್ಷಿಸುತ್ತದೆ; ಓದಿದ ಮೇಲೆ ಮಗುವಿಗೆ ಏನಾಯಿತು ಎಂಬುದು ಅದರ ವ್ಯಾಪ್ತಿಗೆ ಸೇರಿದ್ದಲ್ಲ. ಅದು ಸಮೀಕ್ಷೆಯ ದೋಷವೂ ಅಲ್ಲ. ಆ ಕೆಲಸವನ್ನು ಬೇರೆಯವರು ಮಾಡಬೇಕಿತ್ತು.

ಬಹುತರಗತಿಯ ಕೊಠಡಿಯಲ್ಲಿ ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ನಿಭಾಯಿಸುವಾಗ ಕಪ್ಪುಹಲಗೆಯ ಮೇಲೆ ಮಾದರಿ ಉತ್ತರ ಬರೆದು ನಕಲು ಮಾಡಿಸುವುದು ಅನಿವಾರ್ಯವಾಗಿಬಿಡುತ್ತದೆ. ಆಗ ಹದಿನೈದು ಪುಸ್ತಕಗಳಲ್ಲಿ ಒಂದೇ ವಾಕ್ಯ, ಒಂದೇ ತಪ್ಪು. ಅಂಥ ಪುಟಗಳಲ್ಲಿ ಅಳೆಯಲು ಏನೂ ಇಲ್ಲ. ಅವುಗಳನ್ನು ಮೌಲ್ಯಮಾಪನಕ್ಕೆ ಎತ್ತಿಕೊಳ್ಳಬಾರದು. ತಿಂಗಳಿಗೆ ಒಂದೇ ಪುಸ್ತಕ, ನಕಲಿಲ್ಲದ ಒಂದೇ ಪುಟ ಸಾಕು. ಕೇಳುವ ಪ್ರಶ್ನೆಯೂ ಬದಲಾಗಬೇಕು. 'ಚಿತ್ರದಲ್ಲಿ ಇದ್ದು ಕಥೆಯಲ್ಲಿ ಹೇಳದೇ ಇರುವುದು ಏನು?' ಎಂಬ ಒಂದು ಪ್ರಶ್ನೆ 'ನೀತಿ ಏನು?' ಎಂಬುದಕ್ಕಿಂತ ಹೆಚ್ಚು ಬರೆಹವನ್ನು ಹೊರಡಿಸುತ್ತದೆ.

ವರ್ಷದ ಕೊನೆಯಲ್ಲಿ ಈ ಪುಸ್ತಕಗಳು ರದ್ದಿಗೆ ಹೋಗುತ್ತವೆ. ಶಾಸನಗಳನ್ನೂ ತಾಳೆಗರಿಗಳನ್ನೂ ಜತನದಿಂದ ಸಂಗ್ರಹಿಸಿದ ನಮ್ಮ ವಿಭಾಗಗಳು ಒಂದು ತಾಲೂಕಿನ, ಹತ್ತು ಶಾಲೆಗಳ ಇಂಥ ಪುಟಗಳನ್ನು ಒಂದು ವರ್ಷ ಕಾಪಿಟ್ಟರೂ ಕನ್ನಡದ ಬರೆಹ ಮಗುವಿನಲ್ಲಿ ಹೇಗೆ ಮೊಳೆಯುತ್ತದೆ ಎಂಬುದಕ್ಕೆ ಆಕರ ದೊರೆಯುತ್ತದೆ. ಪೋಷಕರ ಒಪ್ಪಿಗೆ ಪಡೆದು, ಮಗುವಿನ ಹೆಸರನ್ನು ತೆಗೆದು, ತರಗತಿ, ತಿಂಗಳು, ಮನೆಮಾತು, ತೋರಿಸಿದ ಪುಸ್ತಕ, ಶಿಕ್ಷಕರು ಕೇಳಿದ ಪ್ರಶ್ನೆ ಇಷ್ಟನ್ನು ಪುಟದ ಹಿಂಬದಿಯಲ್ಲಿ ಪೆನ್ಸಿಲಿನಿಂದ ನಮೂದಿಸಿದರೆ ಆರಂಭಕ್ಕೆ ಸಾಕು. ಹೊಳೆಯ ಆಚೆ ದಡದ ಶಾಲೆಯಾದರೆ, ಸೇತುವೆ ಬರುವುದಕ್ಕೆ ಮೊದಲು ಬರೆದದ್ದೋ ಅನಂತರ ಬರೆದದ್ದೋ ಎಂಬುದನ್ನೂ ಸೇರಿಸಬೇಕು.